ಬೆಳ್ಳಿ ಕಟ್ಟಿದ ಹೆಬ್ಬೆರಳು

ಐನಾಪುರದ ಸತ್ತೆವ್ವನ ಮುತ್ತಜ್ಜ ಮುರಗೆಪ್ಪ ಮಾತಾಡುವ ಚಪ್ಪಲಿ ಹೊಲಿಯುತ್ತಿದ್ದ. ಎರಡು ಪದರು ತೊಗಲಿನ ನಡುವೆ ಒಣ ಬೀಜ ಇಟ್ಟು ಹೊಲಿದರೆ ಹೆಜ್ಜೆ ಹೆಜ್ಜೆಗೂ ಕರ್ರ್ ಅನ್ನುತ್ತದೆ ಎಂಬುದು ಈ ಸೀಮೆಯ ಎಲ್ಲ ಕಾರೀಗರರಿಗೂ ಗೊತ್ತು. ಮುರಗೆಪ್ಪನ ಚಪ್ಪಲಿ ಬರೀ ಕರ್ರ್ ಅನ್ನುತ್ತಿರಲಿಲ್ಲ. ಕೃಷ್ಣೆಯ ಈ ದಂಡೆಯಲ್ಲಿ ನಡೆದರೆ ಆ ದಂಡೆಯವರು ಕಿವಿಗೊಟ್ಟು, ಇಂಥವನೇ ಬಂದ ಎಂದು ಗುರುತು ಹಿಡಿಯುತ್ತಿದ್ದರಂತೆ. ಒಮ್ಮೆ ವಾಡೆಯ, ಅಂದರೆ ಕೋಟೆಯಂಥ ದೊಡ್ಡ ಮನೆಯ, ಧಣಿಯೊಬ್ಬ ತನ್ನ ಪಾದಕ್ಕೆ ಇವನ ಕೈ ತಾಗಬಾರದೆಂದು, ದೂರದಿಂದ ಜೋಳದ ದಂಟಿನಲ್ಲಿ ಅಳತೆ ತೆಗೆಸಿದ. ಮುರಗೆಪ್ಪ ಆ ಅಳತೆಗೇ ಬಲಗಾಲಿಗೆ ಮಾತಾಡುವ ಚಪ್ಪಲಿ, ಎಡಗಾಲಿಗೆ ಮೂಕ ಚಪ್ಪಲಿ ಹೊಲಿದುಕೊಟ್ಟ. ಧಣಿ ಸಾಯುವ ತನಕ ಊರವರ ಕಿವಿಯಲ್ಲಿ ಕುಂಟುತ್ತಲೇ ನಡೆದ.

ಮುರಗೆಪ್ಪನ ಮಗಳು ಅಕ್ಕುತಾಯಿ. ಚಪ್ಪಲಿಯ ಮೇಲೆ ಜಡೆಯಂತೆ ಹೆಣೆದು ಕೂರಿಸುವ ತೊಗಲಿನ ಪಟ್ಟಿಗೆ ನಮ್ಮ ಕಡೆ ವೇಣಿ ಅನ್ನುತ್ತಾರೆ. ಅಕ್ಕುತಾಯಿಯ ವೇಣಿಯ ಸಂದಿನಲ್ಲಿ ಇರುವೆಯ ಕಾಲೂ ತೂರುತ್ತಿರಲಿಲ್ಲ. ಅದನ್ನು ಕಂಡು ಸಂಸ್ಥಾನದ ಸರದಾರನೊಬ್ಬ ಒಂದು ಬೆಳ್ಳಿ ರೂಪಾಯಿ ಇನಾಮು ಕೊಟ್ಟ. ಅವಳು ಅದನ್ನು ಖರ್ಚು ಮಾಡಲಿಲ್ಲ, ಕೊರಳಿಗೂ ಕಟ್ಟಲಿಲ್ಲ. ತೊಗಲಿನ ಎಳೆ ನೆನೆಹಾಕುವ ಬಟ್ಟಲಿನ ತಳಕ್ಕೆ ಬಿಟ್ಟಳು. ಬೆಳ್ಳಿ ಇದ್ದ ನೀರು ನಾರುವುದಿಲ್ಲ ಎಂಬುದು ಹಿಂದಿನವರ ನಂಬಿಕೆ.

ಅಕ್ಕುತಾಯಿಯ ಮಗಳು ರಾಮವ್ವ. ಹೆರಿಗೆ ನೋವು ಬಂದು ಸೂಲಗಿತ್ತಿ ಹೊಸ್ತಿಲಲ್ಲಿ ನಿಂತಿದ್ದರೂ, ಹಿಡಿದ ವೇಣಿಯನ್ನು ಮುಗಿಸಿ ಗಂಟು ಹಾಕಿಯೇ ಮಲಗಿದ ಗಟ್ಟಿಗಿತ್ತಿ. ಈ ರಾಮವ್ವ ಒಂದು ಬೇಸಿಗೆಯಲ್ಲಿ ನಿಪ್ಪಾಣಿ ದಾಟಿ, ಕೊಗನೊಳ್ಳಿಯಲ್ಲಿ ಬೀಗರ ಮನೆಯಲ್ಲಿ ಇಳಿದುಕೊಂಡು, ಹುಪರಿಯ ಬೆಳ್ಳಿಗಾರನ ಹತ್ತಿರ ಹೋಗಿ ಆ ರೂಪಾಯಿಯನ್ನು ಎರಡು ಹೋಳು ಮಾಡಿಸಿದಳು. ಅರ್ಧ ಬಟ್ಟಲಿಗೆ, ಅರ್ಧ ಬೆರಳಿಗೆ. ಬೆರಳಿನದು ಕಾಲುಂಗುರವಲ್ಲ. ಬಲಗಾಲಿನ ಹೆಬ್ಬೆರಳಿಗೆ ತೊಡಿಸುವ ಅಗಲವಾದ ಬಳೆ. ಮನೆಯಲ್ಲಿ ಅದಕ್ಕೆ 'ಕಟ್ಟು' ಎನ್ನುತ್ತಿದ್ದರು. ಅಂದು ಹೊಸ್ತಿಲಲ್ಲಿ ಸೂಲಗಿತ್ತಿಯನ್ನು ಕಾಯಿಸಿ ಹುಟ್ಟಿದವಳೇ ನಮ್ಮ ಸತ್ತೆವ್ವ.

ಆ ಕಟ್ಟು ಯಾಕೆ ಬೇಕಾಯಿತು ಎನ್ನುವುದು ಕೆಲಸ ನೋಡಿದವರಿಗೆ ತಿಳಿಯುತ್ತದೆ. ವೇಣಿ ಹೆಣೆಯುವುದಕ್ಕೆ ಎರಡು ಕೈ ಸಾಲವು. ಎಳೆಗಳ ತುದಿಯನ್ನು ಎಲ್ಲಿಯಾದರೂ ಸಿಗಿಸಿ ಜಗ್ಗಬೇಕು. ಗೂಟಕ್ಕೆ ಸಿಗಿಸುವವರಿದ್ದಾರೆ, ಬಾಗಿಲ ಚಿಲಕಕ್ಕೆ ಸಿಗಿಸುವವರಿದ್ದಾರೆ. ಈ ಮನೆತನದ ಹೆಣ್ಣುಮಕ್ಕಳು ಕಾಲು ಚಾಚಿ ಕುಳಿತು ಹೆಬ್ಬೆರಳಿಗೆ ಸಿಗಿಸುತ್ತಾರೆ. ತೊಗಲು ಬೆರಳನ್ನು ಕೊಯ್ಯದಂತೆ ಬೆಳ್ಳಿ ಅಡ್ಡ ನಿಲ್ಲುತ್ತದೆ. ಬಿಗಿ ಹೆಚ್ಚಾದರೆ ಬೆರಳು ಹೇಳುತ್ತದೆ, ಸಡಿಲಾದರೂ ಬೆರಳೇ ಹೇಳುತ್ತದೆ. ಕಣ್ಣಿನ ಹಂಗಿಲ್ಲ.

ಹಾಗಾಗಿ ತಾಯಿಯ ಕಟ್ಟು ತೊಟ್ಟು ಸತ್ತೆವ್ವ ಕಣ್ಣು ಮುಚ್ಚಿ ಹೆಣೆಯುತ್ತಿದ್ದಳು. ಮಧ್ಯಾಹ್ನದ ಹೊತ್ತು ಅವಳ ಪಡಸಾಲೆಯ ಮುಂದೆ ಹಾದು ಹೋದವರಿಗೆ, ಕುಳಿತಲ್ಲೇ ನಿದ್ದೆ ಹೋದ ಹೆಂಗಸು, ಅವಳ ಮಡಿಲಲ್ಲಿ ತಾವೇ ಆಡುವ ಹತ್ತು ಬೆರಳು, ಹೀಗೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಕೃಷ್ಣೆ ಮೂರು ಎಳೆಯಾಗಿ ಒಡೆದು ಮರಳ ದಿಬ್ಬ ಸುತ್ತಿ ಮತ್ತೆ ಒಂದಾಗುವ ಹಾಗೆ, ಆ ಎಳೆಗಳು ಒಂದರೊಳಗೊಂದು ಹಾಯ್ದು ಮುಂದೆ ಹೋಗುತ್ತಿದ್ದವು. ಅಥಣಿಯಿಂದ ವೇಣಿ ಒಯ್ಯಲು ಬರುತ್ತಿದ್ದ ಕಾರೀಗರ ಕಾಕಾಸಾಹೇಬ ಅವಳನ್ನು ಕೆಣಕದೆ ಹೋದ ದಿನವಿಲ್ಲ.

"ಏನ ಸತ್ತೆವ್ವಾ, ನಿದ್ದಿಗಣ್ಣಾಗ ಹೆಣದೀಯೇನ ಬೇ ಇದನ್ನ?"

"ಹೌದಪಾ. ಕಣ್ಣ ತೆರದರ ನಿನ್ನ ಮಾರಿ ಕಾಣತೈತಿ, ವೇಣಿ ಸೊಟ್ಟ ಆಕ್ಕೈತಿ."

ಗಂಡ ಮಾಯಪ್ಪ ಚಪ್ಪಲಿಯ ಅಡಿಯ ಅಟ್ಟೆ ಕೊಯ್ಯುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಬರೀ ವೇಣಿಯನ್ನೇ ನೆಚ್ಚಿದಳು. ಮಗ ಸುರಜ ಬಸ್ ನಿಲ್ದಾಣದ ಹತ್ತಿರ ವೆಲ್ಡಿಂಗ್ ಅಂಗಡಿ ಹಾಕಿದ. ಮಗಳನ್ನು ರಾಯಬಾಗದ ಕಡೆ ಅಲಖನೂರಿಗೆ ಕೊಟ್ಟಿದ್ದಳು. ಆ ಮಗಳ ಮಗಳು ಸಾರಿಕಾ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲೇ ಸಂಶೋಧನೆಗೆ ನಿಂತಳು. ಅದು ಕಾಗವಾಡ ಇನ್ನೂ ಅಥಣಿ ತಾಲೂಕಿನಲ್ಲೇ ಇದ್ದ ಕಾಲ, ಎರಡು ಸಾವಿರದ ಹದಿನಾರರ ಸುಮಾರು.

ಆ ವರ್ಷದ ಶ್ರಾವಣದಲ್ಲಿ ಮಳೆ ಜಡಿ ಹಿಡಿಯಿತು. ಹೊಳೆ ಏರಿ ಕಬ್ಬಿನ ಪಡದ ಬುಡಕ್ಕೆ ಬಂದು ನಿಂತಿತು. ಸತ್ತೆವ್ವನ ಮನೆಯ ಗೋಡೆಗಳು ಬೆವರಿದವು. ಗೂಟಕ್ಕೆ ತೂಗುಹಾಕಿದ ವೇಣಿಗಳ ಮೇಲೆ ಬೂಸರು ಬಂತು. ಮೊದಲು ಹಿಟ್ಟು ಚೆಲ್ಲಿದಂತೆ ಬೆಳ್ಳಗೆ, ಆಮೇಲೆ ಹಸಿರು. ಒರೆಸಿದರೆ ಹೋಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ತೊಗಲಿನವರಿಗೆ ಮಳೆಗಾಲ ಎಂದರೆ ಬೂಸರಿನ ಸುಗ್ಗಿ. ಬಟ್ಟಲಿನ ಬೆಳ್ಳಿ ನೀರನ್ನು ಕಾಯುತ್ತಿತ್ತೋ ಏನೋ, ವೇಣಿಯನ್ನು ಕಾಯಲಿಲ್ಲ.

ಬೆರಳಿನ ಬೆಳ್ಳಿಯೂ ಬೆರಳನ್ನು ಕಾಯಲಿಲ್ಲ. ಸತ್ತೆವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ನೆನಪಾದ ದಿನ ನುಂಗುವಳು, ಹಬ್ಬದ ದಿನ ಮರೆಯುವಳು. ದಿನಗಟ್ಟಲೆ ಒದ್ದೆಯಲ್ಲೇ ಓಡಾಡಿದ್ದರಿಂದ ಕಟ್ಟಿನ ಕೆಳಗಿನ ಚರ್ಮ ನೆನೆದು, ಬಿಳಿಚಿ, ಬಿರಿಯಿತು. ನೋವಾಗಿದ್ದರೆ ನೋಡುತ್ತಿದ್ದಳು. ನೋಯಲಿಲ್ಲ. ಆಗೀಗ ವೇಣಿ ಬೇಕಾದ್ದಕ್ಕಿಂತ ಬಿಗಿಯಾಗಿ ಬರುತ್ತಿರುವುದು ಅವಳ ಗಮನಕ್ಕೆ ಬಂತು, ಬೆರಳು ಯಾಕೋ ಹೇಳುತ್ತಿಲ್ಲ ಎಂದುಕೊಂಡಳು. ಸಕ್ಕರೆ ಒಳಗೊಳಗೇ ಬೆರಳಿನ ನಾಲಿಗೆ ಕಡಿದಿತ್ತು.

ಮಳೆ ಹಿಂದಾದ ಮೇಲೆ ಸಾರಿಕಾ ಬಂದಳು. ಹೆಗಲ ಚೀಲದಲ್ಲಿ ಕಪ್ಪು ಕಾಗದ ಸುತ್ತಿದ ಬಾಟಲಿ ಇತ್ತು.

"ಇದೇನ ತಂದೀಯೇ? ಅತ್ತರಾ?" ಎಂದಳು ಸತ್ತೆವ್ವ.

"ಬೆಳ್ಳಿ ಐತಿ ಆಯಿ ಇದರಾಗ," ಎಂದಳು ಮೊಮ್ಮಗಳು.

ಕಾಗದ ಬಿಚ್ಚಿ ತೋರಿಸಿದಾಗ ಒಳಗಿದ್ದದ್ದು ತಿಳಿ ಚಹಾದಂಥ ನೀರು. ಸತ್ತೆವ್ವ ನಕ್ಕುಬಿಟ್ಟಳು. "ನಿನಗ ಯಾರೋ ಟೊಪ್ಪಿಗಿ ಹಾಕ್ಯಾರ ಮಗಳ. ಹುಪರಿಗೆ ಒಯ್ದ ತೋರಸ, ಚಪ್ಪಾಳಿ ತಟ್ಟಿ ನಗತಾರ."

ಸಾರಿಕಾ ಬಾಗಿಲು ಮುಂದೆ ಮಾಡಿದಳು. ಆದರೂ ಹಂಚಿನ ಸಂದಿನಿಂದ ಬೆಳಕು ಬರುತ್ತಿತ್ತು. ಆಗ ಅಜ್ಜಿಯ ಕೌದಿಯನ್ನು ತೆಗೆದು ಇಬ್ಬರ ತಲೆಯ ಮೇಲೂ ಹೊದಿಸಿದಳು. ಹಳೆಯ ಸೀರೆ, ಹಳೆಯ ಧೋತರ, ಸತ್ತವರ ಬದುಕಿದವರ ಬಟ್ಟೆಯೆಲ್ಲ ಕೂಡಿಸಿ ಹೊಲಿದ ಕೌದಿ. ಅದರೊಳಗೆ ಹಾಡಹಗಲಲ್ಲೇ ಕತ್ತಲಾಯಿತು. ಸಾರಿಕಾ ನೀಲಿ ಬೆಳಕಿನ ಒಂದು ಸಣ್ಣ ಬ್ಯಾಟರಿ ಹಚ್ಚಿ ಬಾಟಲಿಗೆ ಹಿಡಿದಳು.

ನೀರು ಹೊತ್ತಿಕೊಂಡಿತು. ಕೆಂಡವಲ್ಲ, ದೀಪವಲ್ಲ. ಮುಳುಗುವ ಸೂರ್ಯನನ್ನು ಅಂಗೈಯಲ್ಲಿ ಮುಚ್ಚಿದರೆ ಬೆರಳ ಸಂದಿನಲ್ಲಿ ಕಾಣುತ್ತದಲ್ಲ, ಅಂಥ ಕೆಂಪು. ಅಜ್ಜಿಯ ಮೂಗುಬೊಟ್ಟು, ಮೊಮ್ಮಗಳ ಕನ್ನಡಕ, ಕೌದಿಯ ಒಳಗಿನ ಹೊಲಿಗೆಯ ಸಾಲು, ಎಲ್ಲವೂ ಆ ಕೆಂಪಿನಲ್ಲಿ ತೇಲಿದವು. ಸತ್ತೆವ್ವ ಬಾಟಲಿಯನ್ನು ತಿರುವಿ ತಿರುವಿ ನೋಡಿದಳು. ಕೊನೆಗೆ, "ಬೆಳ್ಳಿ ಬಿಳೇದು ಅಂತ ಮಾಡಿದ್ದೆ ನಾ," ಎಂದಳು. "ಒಳಗ ರಗತ ಐತಲ್ಲೇ ಇದರಾಗ!"

"ರಗತ ಅಲ್ಲ ಆಯಿ. ಬೆಳ್ಳಿ ಒಡಕೋಂತ ಒಡಕೋಂತ ಹೋದ್ರ ಕಡೀಕ ಒಂದ ಕಣ ಉಳೀತೈತಿ. ಅಂಥಾವು ಹತ್ತಿಪ್ಪತ್ತು ಕೂಡಿಸಿ, ಹಾಲಿನ್ಯಾಗಿಂದು, ತತ್ತಿಯೊಳಗಿಂದು ಇರತೈತಲ್ಲ, ಅಂಥಾ ಸತ್ವದ ದಾರದಾಗ ಕಟ್ಟೀವಿ. ಬಿಟ್ಟರ ಓಡಿಹೋಗಿ ಒಂದಕ್ಕೊಂದು ಅಂಟಕೊಂಡು ಮತ್ತ ಗಟ್ಟಿ ಬೆಳ್ಳಿ ಆಕ್ಕಾವು."

"ವೇಣಿ ಹಂಗ."

"ಹಂಗ ಅನಕೋ. ರೋಗದ ಹುಳಕ್ಕೂ ಇವು ಆಗಂಗಿಲ್ಲ, ಬೂಸರಕ್ಕೂ ಆಗಂಗಿಲ್ಲ. ಹೋಗಿ ಅದರ ಮೈಗೆ ಅಂಟತಾವು, ತೊಗಲ ಹರೀತಾವು, ಒಳಗ ಹೊಕ್ಕು ಕೆಲಸ ಕೆಡಸತಾವು."

ಸತ್ತೆವ್ವ ಕೌದಿಯೊಳಗೇ ತನ್ನ ಕಾಲು ಮುಂದೆ ಚಾಚಿ ಕಟ್ಟು ತೋರಿಸಿದಳು. "ಹಂಗಾರ ಇದೇನ ಮಾಡತೈತಿ? ಇದೂ ಬೆಳ್ಳೀನ ಅಲ್ಲೇನ?"

ಸಾರಿಕಾ ಸ್ವಲ್ಪ ಯೋಚಿಸಿ ಹೇಳಿದಳು. "ವಾಡೇದಾಗ ನೂರ ಮಂದಿ ಇರತಾರ ಆಯಿ, ಬಾಗಲದಾಗ ನಿಂತಾವರು ನಾಕೇ ಮಂದಿ. ಗುಡಸಲದಾಗ ಐದ ಮಂದಿ ಇದ್ರ ಐದೂ ಮಂದಿ ಬಾಗಲದಾಗ. ಕರದ್ರ ಯಾರ ಲಗೂನ ಬರತಾರ? ನಿನ್ನ ಕಟ್ಟು ವಾಡೆ. ನನ್ನವು ಗುಡಸಲ."

ಆ ಮಾತು ಸತ್ತೆವ್ವನಿಗೆ ಬಹಳ ಹಿಡಿಸಿತು. ವಾಡೆಯವರ ಜಂಬ ಅವಳ ಮುತ್ತಜ್ಜನ ಕಾಲದಿಂದ ಗೊತ್ತಿದ್ದದ್ದೇ. ಕೌದಿ ತೆಗೆದು ಹೊರಗೆ ಬಂದವಳೇ ಬಲಗಾಲು ಮುಂದೆ ಮಾಡಿ, "ಇದರ ಮ್ಯಾಲ ಎರಡ ಹನಿ ಬಿಡ. ಕೆಳಗ ಜರಾ ನೆಂದೈತಿ," ಎಂದಳು.

ಸಾರಿಕಾ ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. "ಮನಷ್ಯಾರಿಗೆ ಹಚ್ಚಂಗಿಲ್ಲ. ತಾಟಿನ್ಯಾಗ ಬೆಳಸಿದ ಹುಳಾ ಕೊಂದೀವಿ, ಬೂಸರ ಕೊಂದೀವಿ, ಅಷ್ಟ. ಮನಷ್ಯಾರತನಕ ಬರಾಕ ಇನ್ನೂ ಭಾಳ ವರ್ಸ ಬೇಕು. ನಾ ತಂದದ್ದು ನಿನ್ನ ತೊಗಲಿಗೆ. ಎಳೀಗೆ ಹಚ್ಚಿ, ಮುಂದಿನ ಮಳಿಗಾಲಕ್ಕ ಬೂಸರ ಬರತೈತೋ ಇಲ್ಲೋ ನೋಡೋಣು."

"ನನ್ನ ಕಾಲೂ ತೊಗಲ ಅಲ್ಲೇನ ಹುಚ್ಚಿ?"

"ಕಾಲ ದವಾಖಾನಿಗೆ ತೋರಸು. ಮಿರಜಿಗೆ ಸುರಜ ಮಾವನ ಕೂಡ ನಾಳೇನ ಹೋಗು. ನನ್ನಾಣಿ."

ಸತ್ತೆವ್ವ ಹೂಂ ಎಂದಳು. ಇಬ್ಬರೂ ಕೂಡಿ ಒಂದು ಕಂತೆ ಎಳೆಗಳನ್ನು ಬಾಟಲಿಯ ನೀರಿನಲ್ಲಿ ಅದ್ದಿದರು. ಇನ್ನೊಂದು ಕಂತೆಯನ್ನು ಹಿಂದಿನಂತೆ ಅರ್ಧ ರೂಪಾಯಿಯ ಬಟ್ಟಲಿನಲ್ಲಿ ಅದ್ದಿದರು. ಹೊರಡುವಾಗ ಸಾರಿಕಾ ಬಾಗಿಲಲ್ಲಿ ನಿಂತು, "ನನ್ನ ಎಳೀನ ನೆರಳಾಗ ಒಣಗಸು ಆಯಿ, ಬಿಸಲಿಗೆ ಒಡ್ಡಬ್ಯಾಡ," ಎಂದು ಎರಡೆರಡು ಸಲ ಹೇಳಿದಳು.

ಇಲ್ಲಿಯೇ ಎಡವಟ್ಟಾದದ್ದು. ತೊಗಲಿನ ಕೆಲಸದವರಿಗೆ ಬಿಸಿಲು ದೇವರು. ಮಳೆಗಾಲದಲ್ಲಿ ಅಂಗೈ ಅಗಲದ ಬಿಸಿಲು ಬಿದ್ದರೂ ಅದರ ಬೆನ್ನು ಹತ್ತಿ ಅಂಗಳದಿಂದ ಅಂಗಳಕ್ಕೆ ಹಲಗೆ ಹೊತ್ತು ಹೋಗುವವರು. ನೆರಳಲ್ಲಿ ಒಣಗಿದ ತೊಗಲು ಒಳಗೆ ನೀರಿಟ್ಟುಕೊಂಡು ಸುಳ್ಳು ಹೇಳುತ್ತದೆ ಎಂದು ರಾಮವ್ವ ಮಗಳಿಗೆ ಹಾಲಿನ ಜೊತೆ ಕುಡಿಸಿದ್ದಳು. ಸತ್ತೆವ್ವ ಮೊಮ್ಮಗಳಿಗೆ ಕೊಟ್ಟ ಮಾತು ಮುರಿಯಲಿಲ್ಲ, ಅವಳ ಎಳೆಗಳನ್ನು ಮಾಡಿನ ಕೆಳಗೆ ನೆರಳಿನಲ್ಲೇ ಹಾಕಿದಳು. ಆದರೆ ಅವುಗಳಿಂದ ತೆಳ್ಳಗಿನ ಮೂರು ಎಳೆಗಳನ್ನು ತನಗೆಂದು ಎತ್ತಿಕೊಂಡಳು. ತನ್ನದೆಂದ ಮೇಲೆ ಅರೆಬರೆ ಮಾಡುವುದು ಹೇಗೆ? ಹಿತ್ತಿಲ ಕಲ್ಲಿನ ಮೇಲೆ, ಎಳೆ ಬಿಸಿಲಿನಿಂದ ಇಳಿ ಬಿಸಿಲಿನ ತನಕ ತಿರುತಿರುವಿ ಒಣಗಿಸಿದಳು. ಕೂದಲೆಳೆಯಂಥ ಸಣ್ಣ ವೇಣಿ ಹೆಣೆದಳು. ಕಟ್ಟನ್ನು ಮೇಲೆ ಸರಿಸಿ, ಬಿರಿದ ಚರ್ಮದ ಸುತ್ತ ಆ ವೇಣಿಯನ್ನು ಸುತ್ತಿ, ಮತ್ತೆ ಕಟ್ಟನ್ನು ಇಳಿಸಿದಳು. ಔಷಧ ಹಚ್ಚಿಕೊಂಡಿಲ್ಲ, ವೇಣಿ ತೊಟ್ಟಿದ್ದೇನೆ, ಮಾತು ಮುರಿದಂತಾಗಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದಳು.

ಮಿರಜಿಗೆ ಹೋಗಲಿಲ್ಲ. ಸುರಜ ಕೇಳಿದಾಗಲೆಲ್ಲ, "ಸಾರಿಕಾನ ಬೆಳ್ಳಿ ಕೆಲಸ ಮಾಡಾಕತ್ತೈತಿ, ನೀ ಸುಮ್ನಿರ," ಎನ್ನುವಳು.

ಆ ದಿನಗಳಲ್ಲಿ ಅವಳು ಕಾಣದ ಕನಸಿಲ್ಲ. ಕಾಕಾಸಾಹೇಬನಿಗೆ ಹೇಳುತ್ತಿದ್ದಳು. ಕಣ್ಣು ಮುಚ್ಚಿದರೆ ಕಟ್ಟಿನ ಕೆಳಗೆ ಕೆಂಪು ದೀಪ ಕಾಣುತ್ತದಂತೆ. ಸಣ್ಣ ಸಣ್ಣ ಗುಡಿಸಲ ಬಾಗಿಲಲ್ಲಿ ಬೆಳ್ಳಿ ಮಂದಿ ಪಂಜು ಹಿಡಿದು ನಿಂತಿದ್ದಾರಂತೆ. ಒಬ್ಬೊಬ್ಬರಿಗೂ ಮುರಗೆಪ್ಪನ ಮುಖವಂತೆ. ಅವರು ಹೆಜ್ಜೆ ಇಟ್ಟರೆ ಕರ್ರ್ ಕರ್ರ್ ಸದ್ದು ಬೆರಳಿನಿಂದ ಮೊಣಕಾಲಿಗೆ ಏರುತ್ತದಂತೆ. ಅದು ಜ್ವರದ ಕನಸು ಎಂದು ಕೇಳಿದವರಿಗೂ ಹೊಳೆಯಲಿಲ್ಲ, ಕಂಡವಳಿಗೂ ಹೊಳೆಯಲಿಲ್ಲ. ಅವಳು ಅಷ್ಟು ಚಂದವಾಗಿ ಹೇಳುತ್ತಿದ್ದಳು.

ದೀಪಾವಳಿಗೆ ಸಾರಿಕಾ ಬಂದಾಗ ಹೊಸ್ತಿಲಲ್ಲೇ ವಾಸನೆ ಹಿಡಿದಳು. ಅಜ್ಜಿ ಮಾತ್ರ ನಗುತ್ತ, ತಾನು ಮಾಡಿದ ಜಾಣತನ ತೋರಿಸಲೆಂದು ಕೌದಿ ತಂದಳು. "ಬ್ಯಾಟರಿ ತಗೀ. ನನ್ನ ಬೆರಳಾಗ ದೀಪಾವಳಿ ನೋಡುವಂತಿ."

ಕೌದಿಯ ಕತ್ತಲಲ್ಲಿ ಸಾರಿಕಾ ಮೊದಲು ನೆರಳಿನ ಎಳೆಗಳಿಗೆ ಬೆಳಕು ಹಿಡಿದಳು. ಮಬ್ಬಾಗಿ, ಆದರೂ ಕೆಂಪಾಗಿ, ಅವು ಉಸಿರಾಡಿದವು. ಆಮೇಲೆ ಬೆರಳಿಗೆ ಹಿಡಿದಳು. ಅಲ್ಲಿ ಏನೂ ಇರಲಿಲ್ಲ. ಕಂದು ವೇಣಿ, ಕರಿ ಬೆರಳು.

"ಬಿಸಲಾಗ ಒಣಗಿಸಿದಿ," ಎಂದಳು ಸಾರಿಕಾ. ಕೇಳಿದ್ದಲ್ಲ, ಹೇಳಿದ್ದು.

"ತೊಗಲನ್ನ ಮತ್ತೆಲ್ಲಿ ಒಣಗಸತಾರ?"

"ಬಿಸಲ ತಾಗಿದ್ರ ಗಂಟು ಬಿಚ್ಚಿ ಒಂದರ ಮ್ಯಾಲ ಒಂದ ಬಿದ್ದು ದೊಡ್ಡಾವು ಆಕ್ಕಾವು ಆಯಿ. ಗುಡಸಲ ಹೋಗಿ ವಾಡೆ ಆಗ್ಯಾವು. ಅಲ್ಲ, ನೆರಳಾಗ ಒಣಗಿಸಿದ್ರೂ ಇಂಥಾ ಗಾಯಕ್ಕ ಅದು ಸಾಲತಿದ್ದಿಲ್ಲ. ದವಾಖಾನಿಗೆ ಯಾಕ ಹೋಗಲಿಲ್ಲ ಬೇ?" ಎನ್ನುತ್ತ ಅಳಲು ಶುರುಮಾಡಿದಳು. "ತಂದದ್ದ ತಪ್ಪಾತು ನಂದು."

ಸತ್ತೆವ್ವ ಕೌದಿಯಿಂದಲೇ ಅವಳ ಕಣ್ಣೊರೆಸಿದಳು. "ನಿಂದೇನ ತಪ್ಪು? ನೀ ನೆರಳ ಅಂದಿ, ನಾ ಬಿಸಲ ಹಿಡದೆ. ಅಳಬ್ಯಾಡ. ಬೆರಳ ನಂದು, ನಾ ಕಳಕೊಂಡೆ."

ಅಂದೇ ಸುರಜ ಗಾಡಿ ಮಾಡಿಕೊಂಡು ಮಿರಜಿಗೆ ಒಯ್ದ. ನಂಜು ಮೂಳೆಗೆ ಇಳಿದಿತ್ತು. ಡಾಕ್ಟರು ಹೆಬ್ಬೆರಳು ತೆಗೆಯದಿದ್ದರೆ ಪಾದ ಹೋದೀತು ಎಂದರು. ಕಟ್ಟು ಸಲೀಸಾಗಿ ಕಳಚಲಿಲ್ಲ, ಊದಿದ ಬೆರಳಿನಿಂದ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಶಸ್ತ್ರಕ್ರಿಯೆಯ ನಂತರ ಗಾಯ ಮಾಯಲೆಂದು ಬೆಳ್ಳಿ ಬೆರೆತ ಪಟ್ಟಿ ಸುತ್ತಿದರು. ಅಂಥ ಪಟ್ಟಿ ದವಾಖಾನೆಗಳಲ್ಲಿ ಆಗಲೇ ಬಳಕೆಗೆ ಬಂದಿತ್ತು.

ಸತ್ತೆವ್ವ ಅದನ್ನು ಕೇಳಿ, "ಇಲ್ಲೇ ಇತ್ತಲ್ರಿ ಬೆಳ್ಳಿ, ಡಾಕ್ಟರ. ಮೊದಲ ಬಂದಿದ್ರ?" ಎಂದಳು.

"ಮೊದಲ ಬಂದಿದ್ರ ಸಕ್ರಿ ಇಳಿಸಿ, ಗಾಯಾ ತೊಳದು, ಇದನ್ನ ಕಟ್ಟಿ, ಬೆರಳ ಉಳೀತಿತ್ತೋ ಏನೋ. ಬೆಳ್ಳಿ ಕಾವಲಗಾರ ಆಯಿ. ಕಳ್ಳ ಮನಿ ದೋಚಿದ ಮ್ಯಾಲ ಕಾವಲಗಾರ ಏನ ಮಾಡ್ಯಾನು?"

ಮನೆಗೆ ಬಂದವಳು ಕತ್ತರಿಸಿದ ಕಟ್ಟನ್ನು ನೆನೆಹಾಕುವ ಬಟ್ಟಲಿಗೆ ಬಿಟ್ಟಳು. ಅರ್ಧ ರೂಪಾಯಿ ಅರ್ಧ ರೂಪಾಯಿಯ ಪಕ್ಕ ಹೋಗಿ ಮಲಗಿತು. ಚಳಿಗಾಲವಿಡೀ ಅವಳು ಪಡಸಾಲೆಯಲ್ಲಿ ಕಣ್ಣು ತೆರೆದುಕೊಂಡು ಕುಳಿತಳು. ಹಾದು ಹೋಗುವವರಿಗೆ ಅದೇ ಹೆದರಿಕೆಯಾಗುತ್ತಿತ್ತು. ಬೆರಳಿಲ್ಲದೆ ವೇಣಿಯಿಲ್ಲ, ವೇಣಿಯಿಲ್ಲದೆ ಸತ್ತೆವ್ವನಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗುಳಿಗೆಯನ್ನು ಮಾತ್ರ ಈಗ ಹಬ್ಬದ ದಿನವೂ ತಪ್ಪಿಸುತ್ತಿರಲಿಲ್ಲ. ಪಾದಗಳನ್ನು ದಿನಾ ತಿರುವಿ ತಿರುವಿ, ತೊಗಲು ಕೊಳ್ಳುವವಳ ಹಾಗೆ ನೋಡಿಕೊಳ್ಳುತ್ತಿದ್ದಳು.

ಮರುವರ್ಷದ ಮಳೆಗಾಲದಲ್ಲಿ ಸಾರಿಕಾ ಬಂದು ಎರಡೂ ಕಂತೆ ಎಳೆಗಳನ್ನು ಇಳಿಸಿ ನೋಡಿದಳು. ಬಟ್ಟಲಿನಲ್ಲಿ ಅದ್ದಿದ್ದು ಮುದಿ ಬೆಕ್ಕಿನ ಮೈಯಂತೆ ಬೂಸರು ಹಿಡಿದಿತ್ತು. ಬಾಟಲಿಯ ನೀರು ಕುಡಿದದ್ದರಲ್ಲಿ ಒಂದೆರಡು ಚುಕ್ಕೆ ಬಿಟ್ಟರೆ ತೊಗಲು ತೊಗಲಿನಂತೆಯೇ ಇತ್ತು. ಸತ್ತೆವ್ವ ಎರಡನ್ನೂ ಮೂಸಿ, "ನೆರಳಿಗೂ ಒಂದ ಕೆಲಸ ಐತಿ ಬಿಡ," ಎಂದಳು. ತಾಯಿಯ ಮಾತಿಗೆ ಅವಳು ಅಷ್ಟು ತಿದ್ದುಪಡಿ ಹಾಕಿದ್ದು ಅದೊಂದೇ ಸಲ. ಸಾರಿಕಾ ಆ ಎಳೆಗಳನ್ನು ಅಜ್ಜಿಯ ಮಡಿಲಲ್ಲೇ ಬಿಟ್ಟು ಹೋದಳು.

ಅದಾದ ಕೆಲವು ದಿನಕ್ಕೆ ಸುರಜ ಅಂಗಡಿಯಲ್ಲಿ ತಾಯಿಗಾಗಿ ಒಂದು ಸಾಧನ ಮಾಡಿ ತಂದ. ಅಗಲವಾದ ಕಬ್ಬಿಣದ ಪಟ್ಟಿ, ಅದರ ಮೇಲೆ ಬಾಗಿದ ಕೊಂಡಿ. ಕುಳಿತಲ್ಲಿ ಕಾಲ ಮುಂದೆ ಇಟ್ಟುಕೊಂಡರೆ ಹೆಬ್ಬೆರಳಿನ ಎತ್ತರಕ್ಕೇ ಬರುವ ಹಾಗೆ ಅಳೆದು ಬೆಸುಗೆ ಹಾಕಿದ್ದ. ಕೊಯ್ಯಬಾರದೆಂದು ಅರದಿಂದ ಉಜ್ಜಿ ನುಣುಪು ಮಾಡಿದ್ದ. ಕಾಕಾಸಾಹೇಬನೂ ಜೊತೆಗಿದ್ದ. ಅಥಣಿಯಲ್ಲಿ ಅವಳ ವೇಣಿಗೆ ಇನ್ನೂ ಕಾಯುವವರಿದ್ದಾರೆ ಎಂದು ಹೇಳಲು ಬಂದಿದ್ದ.

ಅವರು ಒಳಗೆ ಬಂದಾಗ ಸತ್ತೆವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ಎಡಗಾಲು ಮುಂದೆ ಚಾಚಿತ್ತು. ಕತ್ತರಿಸಿದ ಕಟ್ಟನ್ನು ದಾರದಿಂದ ಬಿಗಿದು ಎಡ ಹೆಬ್ಬೆರಳಿಗೆ ತೊಟ್ಟಿದ್ದಳು. ಅದಕ್ಕೆ ಸಿಗಿಸಿದ ಮೂರು ಎಳೆ, ನೆರಳಲ್ಲಿ ಒಣಗಿದವು, ಅವಳ ಬೆರಳುಗಳಲ್ಲಿ ತಡವರಿಸುತ್ತ ಮುಂದೆ ಹೋಗುತ್ತಿದ್ದವು. ಹೆಣೆದಷ್ಟು ಅಂಕುಡೊಂಕಾಗಿತ್ತು. ಪಕ್ಕದಲ್ಲಿ ಬಿಚ್ಚಿ ಬಿಸುಟ ಎಳೆಗಳ ಗುಡ್ಡೆಯಿತ್ತು.

ಸುರಜ ಮೆಲ್ಲಗೆ ಕೊಂಡಿಯನ್ನು ಅವಳ ಕಾಲ ಬಳಿ ಇಟ್ಟ. "ಅವ್ವಾ, ಇದಕ್ಕ ಸಿಗಸು. ಎಡಗಾಲಿಗೂ ಯಾಕ ತ್ರಾಸ ಕೊಡತಿ? ಇದು ಎಷ್ಟ ಜಗ್ಗಿದ್ರೂ ಅಳಗಾಡಂಗಿಲ್ಲ, ನೋಯಂಗಿಲ್ಲ."

ಸತ್ತೆವ್ವ ಕಣ್ಣು ತೆರೆಯಲಿಲ್ಲ. ಕೈಯಿಂದ ತಡವಿ ಕಬ್ಬಿಣವನ್ನು ಮುಟ್ಟಿದಳು, ಅದರ ನುಣುಪಿನ ಮೇಲೆ ಒಮ್ಮೆ ಹೆಬ್ಬೆಟ್ಟು ಆಡಿಸಿದಳು, ಮತ್ತೆ ಮಗನ ಕಡೆಗೇ ದೂಡಿದಳು.

"ನೋಯಂಗಿಲ್ಲ ಅಂದಿಯಲ್ಲ, ಅದಕ್ಕ ಬ್ಯಾಡ. ನೋವ ಗೊತ್ತಿಲ್ಲದ್ದು ಬಿಗಿ ಹೆಂಗ ಹೇಳತೈತಿ? ನೋಯಲಾರದ್ದಕ್ಕ ನನ್ನ ಬಲಗಾಲ ಮೂಕ ಆತು. ಈ ಎಡಗಾಲ ಇಷ್ಟ ವರ್ಸ ಕುಂತ ಉಂಡೈತಿ, ಈಗ ಸಾಲಿಗೆ ಹಚ್ಚೀನಿ. ಸೊಟ್ಟ ಹೆಣೀತೈತಿ, ಹೆಣೀಲಿ. ಕೊಂಡಿ ಒಯ್ದು ನಿನ್ನ ಅಂಗಿ ತೂಗಹಾಕ್ಕೋ ಹೋಗ ಸುರಜ. ಮತ್ತ ಕಾಕಾಸಾಹೇಬಾ, ನೀನೂ ಕೈ ಹಚ್ಚಬ್ಯಾಡ. ಇದು ತಾನ ಕಲೀಬೇಕು."